ಐದು ಅಂಗೈಗಳ ಸರ

ಏಪ್ರಿಲ್ ಹನ್ನೆರಡು, ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಬಂದರು ನಗರ ಸ್ಫಾಕ್ಸ್‌ನ ಹಳೆಪೇಟೆಯ ಠಾಣೆಗೆ ಬಂದ ಹೆಂಗಸು ಬಾಯಿ ಬಿಡುವ ಮೊದಲು ಒಂದು ಸರವನ್ನು ಮೇಜಿನ ಮೇಲಿಟ್ಟಳು. ಕಪ್ಪು ದಾರದಲ್ಲಿ ಐದು ಖಮ್ಸಾಗಳು. ದೃಷ್ಟಿ ತಾಕದಿರಲೆಂದು ಮಕ್ಕಳಿಗೆ ಕಟ್ಟುವ ಅಂಗೈಯಾಕಾರದ ಪದಕಗಳು. ಐದರ ಬೆರಳುಗಳೂ ಕಚ್ಚಿ ಕಚ್ಚಿ ಸವೆದಿದ್ದವು.

ಹೆಸರು ವಸೀಲಾ. ಎರಡು ವರ್ಷದ ಮಗಳು ಇಸ್ರಾ ಹಿಂದಿನ ದಿನ ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ದಳು. ಇನ್ನೂ ಎಚ್ಚರವಾಗಿರಲಿಲ್ಲ. ರಕ್ತದಲ್ಲಿ ಸೀಸ ಸೇರಿದೆ, ಕುತ್ತಿಗೆಯಲ್ಲಿರುವುದನ್ನು ಪೊಲೀಸರಿಗೆ ಕೊಡಿ ಎಂದಿದ್ದರು ವೈದ್ಯರು.

“ಐದ್ಯಾಕೆ ಕಟ್ಟಿದ್ರಿ?” ಇನ್‌ಸ್ಪೆಕ್ಟರ್ ನಜೀಹಾ ಕೇಳಿದಳು.

“ಹುಟ್ಟಿದಾಗ ಒಂದು. ಊಟ ಬಿಟ್ಲು, ಯಾರದೋ ಕಣ್ಣು ಬಿತ್ತು ಅಂತ ಇನ್ನೊಂದು. ವಾಂತಿ ಶುರುವಾಯ್ತು, ಮತ್ತೊಂದು. ಅವಳು ಬಾಡ್ತಾ ಹೋದ ಹಾಗೆಲ್ಲ ನಾನೇ ಕಟ್ತಾ ಹೋದೆ ಮೇಡಂ. ಕೈಯಾರೆ.”

“ಕೈ ನಿಮ್ಮದು. ವಿಷ ನಿಮ್ಮದಲ್ಲ. ಎಲ್ಲಿ ಕೊಂಡ್ರಿ?”

“ಅಕ್ಕಸಾಲಿಗರ ಓಣಿ. ಯೂನುಸ್ ಅವ್ರ ಅಂಗಡಿ. ಒಳಗೆ ಹಿತ್ತಾಳೆ, ಮೇಲೆ ಬೆಳ್ಳಿ ನೀರು ಅಂದ್ರು.”

ಮಕ್ಕಳ ಒಡವೆಯಲ್ಲಿ ಸೀಸಕ್ಕೆ ಮಿತಿ ಹಾಕಿದ ಕಾನೂನಿನಡಿ ಎಫ್‌ಐಆರ್ ದಾಖಲಾಯಿತು.

“ಇಂಥದ್ದಕ್ಕೂ ಕಾನೂನಿದೆಯಾ ಮೇಡಂ?” ಪೇದೆ ಹಮ್ಮಾದಿ ಬೆರಗಾದ.

“ಇದೆ. ಗೆಜೆಟ್‌ನಲ್ಲಿ ಬೆಚ್ಚಗೆ ಮಲಗಿದೆ.”

ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಕಾನೂನು ಒಪ್ಪುವುದು ಚಿಟಿಕೆಗೂ ಕಡಿಮೆ. ಈ ಪದಕಗಳಲ್ಲಿ ಮುಕ್ಕಾಲು ಪಾಲು ಸೀಸವೇ. ನಜೀಹಾ ಕೂಡಲೇ ಅಂಗಡಿಗೆ ಹೊರಟಳು.

“ಹಡಗಲ್ಲಿ ಬರುತ್ತೆ ಮಗಳೇ, ನಾನು ಬರೀ ಮಾರೋನು,” ಎಂದ ಯೂನುಸ್. ಬಿಳಿಗಡ್ಡದ, ಮೆದು ಮಾತಿನ ಮನುಷ್ಯ. ಹಿಂದಿನ ಗೋಡೆಯಲ್ಲಿ ಮೊಮ್ಮಗಳ ಫೋಟೊ, ಅವಳ ಕುತ್ತಿಗೆಯಲ್ಲೂ ಒಂದು ಖಮ್ಸಾ. ನಜೀಹಾ ಓಣಿಯವರನ್ನೆಲ್ಲ ವಿಚಾರಿಸಿದಳು. ಮಗುವೊಂದು ಸಾಯುತ್ತಿದೆ ಎಂದಳು. ದರ್ಜಿ ದಾರ ಕಚ್ಚಿದ. ಮಸಾಲೆ ಮಾರುವ ಫಜ್ರಿಯಾ ಮೆಣಸು ಕೇರಿದಳು. ಯಾರೂ ಏನೂ ಕಂಡಿರಲಿಲ್ಲ.

ಪಂಚನಾಮೆ ಶುರುವಾಯಿತು. ಅಂಗಡಿಯ ಅಟ್ಟದ ಮೇಲೆ ಲೋಹ ಕರಗಿಸುವ ಮೂಸೆ, ಅಚ್ಚು, ಒಂದು ಗೋಣಿಚೀಲ. ಕೈ ಹಾಕಿದ ಹಮ್ಮಾದಿ ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ.

“ಮೇಡಂ! ಇದು ಸುರಿದ ಸೀಸ!”

ಚೀಲದ ತುಂಬ ಸಿಡಿದು ಹೆಪ್ಪುಗಟ್ಟಿದಂಥ ಮುಳ್ಳುಮುಳ್ಳು ಗಟ್ಟಿಗಳು. ದೃಷ್ಟಿಯಾದವರ ತಲೆಯ ಮೇಲೆ ನೀರಿನ ಬೋಗುಣಿ ಹಿಡಿದು, ಕಾದ ಸೀಸವನ್ನು ಅದಕ್ಕೆ ಸುರಿದು ದೃಷ್ಟಿ ತೆಗೆಯುವುದು ಅಲ್ಲಿನ ರೂಢಿ. ತಾಕಿದ ದೃಷ್ಟಿಯೆಲ್ಲ ಆ ಗಟ್ಟಿಗೆ ಇಳಿಯುತ್ತದೆಂದು ನಂಬಿಕೆ. ಅದನ್ನು ಸಮುದ್ರಕ್ಕೇ ಹಾಕಬೇಕು, ಮನೆಯೊಳಗೆ ತರಬಾರದು.

ಹಮ್ಮಾದಿಯ ಕೂಗು ಓಣಿಯುದ್ದಕ್ಕೂ ಕೇಳಿತ್ತು. ಫಜ್ರಿಯಾ ಮೊರ ಹಿಡಿದೇ ನುಗ್ಗಿದಳು.

“ಅಯ್ಯೋ ನಿನ್ನ ಗಡ್ಡಕ್ಕೆ ಬೆಂಕಿ ಹಾಕ! ಊರೋರ ದೃಷ್ಟೀನೆಲ್ಲ ಕರಗಿಸಿ ನನ್ನ ಮೊಮ್ಮಕ್ಕಳ ಕುತ್ತಿಗೆಗೆ ಕಟ್ಟಿದ್ಯಲ್ಲೋ! ಬರ್ಕೊಳ್ಳಿ ಮೇಡಂ, ಸೀಸ ಸುರಿಯೋ ಮುದುಕಿ ಪ್ರತಿ ವಾರ ಚೀಲ ತಂದುಕೊಡ್ತಾಳೆ, ಇವನೇ ಕರಗಿಸ್ತಾನೆ. ಹೊಗೆ ನನ್ನಂಗಡಿಗೇ ಬರುತ್ತೆ!”

“ನಾನೂ ಕಂಡಿದ್ದೀನಿ,” ಎಂದ ದರ್ಜಿ.

ನಜೀಹಾಳಿಗೆ ಮೈಯೆಲ್ಲ ಉರಿಯಿತು. ವಿಷಕ್ಕೆ ತೆರೆಯದ ಬಾಯಿಗಳು ದೃಷ್ಟಿಗೆ ತೆರೆದಿದ್ದವು.

“ಮಗು ಸಾಯ್ತಿದೆ ಅಂದಾಗ ನಿಮ್ಮ ಕಣ್ಣೆಲ್ಲಿತ್ತು?” ಎಂದಳು.

ಆದರೂ ಇಬ್ಬರ ಹೇಳಿಕೆಗಳನ್ನೂ ಬಿಡದೆ ಬರೆದುಕೊಂಡಳು. ಮಧ್ಯಾಹ್ನ ಮೂರಕ್ಕೆ ಯೂನುಸ್‌ನ ಬಂಧನವಾಯಿತು.

ಠಾಣೆಗೆ ಬರುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್. ಇಸ್ರಾ ಕಣ್ಣು ಬಿಟ್ಟಿದ್ದಳು. ತಾಯಿಯ ಗುರುತು ಮಾತ್ರ ಹತ್ತುತ್ತಿರಲಿಲ್ಲ.

“ಸೀಸ ಅಂತ ಗೊತ್ತಿದ್ದೂ ಯಾಕೆ ಮಾಡಿದಿರಿ?” ನಜೀಹಾ ಯೂನುಸ್‌ನನ್ನು ಕೇಳಿದಳು.

“ಬೆಳ್ಳಿ ಬೆಲೆ ಮುಟ್ಟೋ ಹಾಗಿಲ್ಲ ಮಗಳೇ. ಬಡವರು ಬಂದು ಕೂತ್ಕೊಳ್ತಾರೆ, ಮಗೂನ ಬರಿಗುತ್ತಿಗೇಲಿ ಹೇಗೆ ಹೊರಗೆ ತರೋದು ಅಂತಾರೆ. ಇಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ನನಗೂ ನಾಲ್ಕು ಕಾಸು. ಬಡವರ ಮಕ್ಕಳು ಕಲ್ಲು ತಿಂದ್ರೂ ಅರಗಿಸ್ಕೊಳ್ತಾವೆ ಅಂದ್ಕೊಂಡೆ.”

“ನಿಮ್ಮ ಮೊಮ್ಮಗಳ ಕುತ್ತಿಗೇಲಿರೋದು?”

ಯೂನುಸ್ ಕಣ್ಣನ್ನು ಬೇಡಿಯತ್ತ ಇಳಿಸಿದ.

“ಬೆಳ್ಳಿ.”

ನಜೀಹಾ ಆ ಒಂದು ಮಾತನ್ನೂ ಬರೆದು, ಹೇಳಿಕೆಯನ್ನು ಸಹಿಗಾಗಿ ಅವನತ್ತ ತಿರುಗಿಸಿದಳು.