ಏಳನೇ ಮಿಷನ್ನಿನ ಸೂಜಿ

ನಮ್ಮ ಅಂಗಿ ಕಾರ್ಖಾನೆಯ ಇಸ್ತ್ರಿ ಮೇಜಿನ ದೊಡ್ಡಮ್ಮ ಹಿಂಬಾಗಿಲ ಬುಡದಲ್ಲೇ ಸತ್ತುಬಿದ್ದಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಚಿಂದಿ ರಾಶಿಗೆ ಬೆಂಕಿ ತಗುಲಿ ಹೊಗೆ ತುಂಬಿದಾಗ ನಾವೆಲ್ಲ ಮುಂಬಾಗಿಲಿನಿಂದ ಓಡಿ ಪಾರಾದೆವು. ಅವರ ಮೇಜು ಹಿಂದಿನ ಮೂಲೆಯಲ್ಲಿತ್ತು. ಕೆಲಸದ ಹೊತ್ತಿನಲ್ಲಿ ಸದಾ ತೆರೆದಿರುತ್ತಿದ್ದ ಹಿಂಬಾಗಿಲಿಗೆ ಅಂದು ಯಾರೋ ಹೊರಗಿನಿಂದ ಬೀಗ ಹಾಕಿದ್ದರು.

"ಕೀ ಗೊಂಚಲು ಕಾವಲುಗಾರನ ಸೊಂಟದಲ್ಲಿರುತ್ತೆ. ಇನ್ಯಾರು ಹಾಕ್ತಾರೆ?" ಎಂದರು ಮ್ಯಾನೇಜರು. ಕಾವಲುಗಾರ ನನ್ನ ಒಡಹುಟ್ಟಿದ ತಮ್ಮ. ಇನ್ಸ್‌ಪೆಕ್ಟರು ಅವನನ್ನು ಜೀಪಿನ ಕಡೆ ಎಳೆದಾಗ ನನಗೆ ಮೈಯೆಲ್ಲ ಉರಿಯಿತು. ಸೀದಾ ಕನ್ನಡಕದಕ್ಕನ ಕೈ ಹಿಡಿದೆ. ಆಕೆ ತಪಾಸಣೆ ಮೇಜಿನವಳು. ಕಾರ್ಖಾನೆಯಲ್ಲಿ ಏನು ಕಳೆದರೂ ನಾವು ಮೊದಲು ಹೋಗುತ್ತಿದ್ದದ್ದು ಆಕೆಯ ಬಳಿಗೇ.

"ಅಕ್ಕಾ, ಇವನನ್ನ ಒಳಗೆ ಹಾಕ್ಬಿಡ್ತಾರೆ. ಏನಾದ್ರೂ ಮಾಡು!"

ಅಕ್ಕ ಇನ್ಸ್‌ಪೆಕ್ಟರಲ್ಲಿ ಅರ್ಧ ಗಂಟೆ ಕಾಲಾವಕಾಶ ಬೇಡಿಕೊಂಡಳು. ಬೆಂಕಿ ಆರಿಸುವವರು ಕತ್ತರಿಸಿದ್ದ ಬೀಗಕ್ಕೆ ತಮ್ಮನ ಒಂದೊಂದು ಕೀಯನ್ನೂ ಹಾಕಿ ನೋಡಿದಳು. ಯಾವುದೂ ತಿರುಗಲಿಲ್ಲ.

"ಆ ಕೀ ಎಸೆದಿರ್ತಾನೆ ಬಿಡಿ," ಎಂದರು ಮ್ಯಾನೇಜರು.

ಅಕ್ಕ ಒಳಗೆ ಹೋಗಿ ಏಳನೇ ಮಿಷನ್ನಿನ ಮುಂದೆ ನಿಂತಳು. ಅದರಲ್ಲಿ ಸೂಜಿಯೇ ಇರಲಿಲ್ಲ. ನಮ್ಮ ಅಂಗಿಗಳು ಹೊರದೇಶದ ಮಕ್ಕಳಿಗೆ ಹೋಗುವಂಥವು. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ಒಂದು ಚೀಟಿಗೆ ಅಂಟಿಸಬೇಕು, ಆಮೇಲೆಯೇ ಹೊಸ ಸೂಜಿ. ಏಳನೇ ಮಿಷನ್ನಿನ ಚೀಟಿಯಲ್ಲಿ ಬುಡದ ತುಂಡು ಮಾತ್ರ ಇತ್ತು.

"ಹತ್ತೂಮುಕ್ಕಾಲರ ಟೀ ಗಂಟೆಗೆ ಸ್ವಲ್ಪ ಮೊದಲು ಮುರೀತು. ತುದಿ ಸಿಗ್ಲಿಲ್ಲ," ಎಂದು ಆ ಮಿಷನ್ನಿನವಳು ಬಿಕ್ಕಿದಳು. ಸೂಪರ್‌ವೈಸರು ಹೇಳಿದ: "ಟೈ ಸಾಹೇಬರಿಗೆ ಫೋನ್ ಮಾಡ್ದೆ. ಬರ್ತೀನಿ ಅಂದ್ರು, ನಾವು ಟೀ ಕುಡಿದು ಬಂದಾಗ ಅವರಿರಲಿಲ್ಲ."

ಟೈ ಸಾಹೇಬ ಎಂದರೆ ಅಂಗಿ ಕೊಳ್ಳುವ ಕಂಪನಿಯ ಪ್ರತಿನಿಧಿ. ಅಂಗಳದಾಚೆ ಅವನ ಕೋಣೆಗೆ ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಮಾದರಿ ಅಂಗಿಗಳ ಪೆಟ್ಟಿಗೆಗೆ ಅಂಟುಪಟ್ಟಿ ಸುತ್ತಿತ್ತು, ಪಕ್ಕದಲ್ಲಿ ಸೂಜಿ ಚೂರು ಹೆಕ್ಕುವ ಹಿಡಿಕೆಯ ಅಯಸ್ಕಾಂತವಿತ್ತು.

"ಬೆಂಕಿ ಗಂಟೆ ಕೇಳಿದ ಮೇಲೇ ನಾನು ಈಚೆ ಬಂದದ್ದು. ಅದಕ್ಕೆ ಮೊದಲು ಒಳಗೆ ಕಾಲಿಟ್ಟಿಲ್ಲ," ಎಂದ.

"ಆಗಲಿ. ಆ ಅಯಸ್ಕಾಂತ ಸ್ವಲ್ಪ ಕೊಡಿ. ಚೂರು ಹುಡುಕ್ಬೇಕು," ಎಂದಳು ಅಕ್ಕ.

ನನಗೆ ತಡೆಯಲಾಗಲಿಲ್ಲ. "ತಮ್ಮ ಜೈಲಿಗೆ ಹೋಗ್ತಿದ್ದಾನೆ, ನಿನಗೆ ಸೂಜಿ ಚಿಂತೆ!" ಎಂದು ದಾರಿಯುದ್ದಕ್ಕೂ ಗೊಣಗಿದೆ.

"ಬಾಯಿ ಮುಚ್ಕೊಂಡು ಎಲ್ಲರನ್ನೂ ಕರಿ, ಮಾರಾಯ್ತಿ."

ಟೈ ಸಾಹೇಬ, ಇನ್ಸ್‌ಪೆಕ್ಟರು, ಮ್ಯಾನೇಜರು, ಎಲ್ಲರೂ ಇಸ್ತ್ರಿ ಮೇಜಿನ ಸುತ್ತ ಸೇರಿದರು. ಅಕ್ಕ ಅಯಸ್ಕಾಂತಕ್ಕೆ ಮೆತ್ತಿದ್ದ ನೂಲಿನ ಧೂಳನ್ನು ಬಿಡಿಸಿದಳು. ಒಳಗೊಂದು ಸೂಜಿಯ ತುದಿ! ಚೀಟಿಯ ತುಂಡಿಗೆ ಹಿಡಿದಳು. ಮುರಿದ ಅಂಚುಗಳು ಸರಿಯಾಗಿ ಕೂಡಿದವು.

"ಟೀ ಹೊತ್ತಲ್ಲಿ ಈ ಟೈ ಸಾಹೇಬ್ರು ಹಿಂಬಾಗಿಲಿಂದ ಬಂದು ಏಳನೇ ಮಿಷನ್ ಸುತ್ತ ಅಯಸ್ಕಾಂತ ಆಡಿಸಿದ್ದಾರೆ. ತುದಿ ಧೂಳಲ್ಲಿ ಸಿಕ್ಕಿಕೊಂಡಿದ್ದು ಇವರಿಗೆ ಕಾಣಲಿಲ್ಲ. ಚೂರು ಸಿಗೋ ತನಕ ಹೊಲಿಗೆ ಕೋಣೆಯಿಂದ ಒಂದು ಅಂಗಿಯೂ ಹೊರಗೆ ಹೋಗಬಾರದು ಅಂತ ಇವರ ಕಂಪನಿಯ ಸುತ್ತೋಲೆ ಇದೆ. ಮುಂಬಾಗಿಲಲ್ಲಿ ಕಾವಲಿದೆ, ಹಿಂದೆ ಯಾರೂ ಇಲ್ಲ. ಹೋಗ್ತಾ ಬೀಗ ಜಡಿದ್ರು. ಕೈಗೆ ಸಿಕ್ಕಿದ್ದು ಯಾವ ಬೀಗ? ಬೀಗ ಇರಬೇಕಾದ ಮಾದರಿ ಪೆಟ್ಟಿಗೆಗೆ ಅಂಟುಪಟ್ಟಿ ಯಾಕೆ ಸುತ್ತಿದೆ, ಸಾಹೇಬ್ರೇ? ನಿಮ್ಮ ಗೊಂಚಲು ಕೊಡಿ."

ಅವನು ಕೊಡಲಿಲ್ಲ. ಇನ್ಸ್‌ಪೆಕ್ಟರೇ ಜೇಬಿನಿಂದ ತೆಗೆದರು. ಮೂರನೇ ಕೀ ಸಲೀಸಾಗಿ ತಿರುಗಿತು.

"ಮಗುವಿನ ಅಂಗಿಯಲ್ಲಿ ಸೂಜಿ ಸಿಕ್ಕಿದ್ರೆ ನನ್ನ ಕೆಲಸ ಹೋಗ್ತಿತ್ತು," ಎಂದು ಅವನು ಕುಸಿದ. "ಹತ್ತು ನಿಮಿಷದಲ್ಲಿ ತೆಗೀತಿದ್ದೆ. ಬೆಂಕಿ ಬೀಳುತ್ತೆ ಅಂತ ಕನಸು ಕಂಡಿದ್ನಾ?"

"ಕಂಪನಿ ಹೆಸರು ಎಳೀಬೇಡಿ, ಆರ್ಡರ್ ಹೋಗುತ್ತೆ," ಎಂದು ಮ್ಯಾನೇಜರು ಗೋಗರೆದರು.

"ಬೀಗ ಹಾಕಿದ ಕೈಯನ್ನೂ ಬರ್ಕೊಳ್ಳಿ, ಆ ಸುತ್ತೋಲೆಗೆ ಸಹಿ ಹಾಕಿದ ಕೈಯನ್ನೂ ಬರ್ಕೊಳ್ಳಿ," ಎಂದಳು ಅಕ್ಕ. "ಅಂಗಿ ಹೊರಗೆ ಹೋಗಬಾರದು ಅಂತ ಬರೆದವರಿಗೆ, ಒಳಗೆ ಜನ ಇರ್ತಾರೆ ಅನ್ನೋದು ನೆನಪಾಗಲಿಲ್ಲ." ಇನ್ಸ್‌ಪೆಕ್ಟರು ಎರಡನ್ನೂ ಬರೆದುಕೊಂಡರು.

ತಮ್ಮನನ್ನು ಬಿಟ್ಟರು. ನಾನು ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಅವನು ಅಳಲಿಲ್ಲ. ಸುತ್ತಿಗೆ, ಉಳಿ ತಂದು ಹಿಂಬಾಗಿಲ ಚಿಲಕವನ್ನು ಕೀಳತೊಡಗಿದ.

"ಏ, ಯಾರ ಅಪ್ಪಣೆ ನಿನಗೆ?" ಎಂದು ಮ್ಯಾನೇಜರು ಕೂಗಿದರು.

ತಮ್ಮ ಉಳಿಯ ಮೇಲೆ ಇನ್ನೊಂದು ಏಟು ಹಾಕಿದ. ಬೀಗದ ಕೊಂಡಿ ಕಿತ್ತು ಬರುವವರೆಗೂ ನಾವು ಮುನ್ನೂರು ಜನ ಅವನ ಸುತ್ತ ಒತ್ತಾಗಿ ನಿಂತಿದ್ದೆವು.