ಟೆಲ್ಸೆಯ ಕೆನ್ನೆಯ ಬಣ್ಣ

"ಸತ್ತವರ ಚಿತ್ರಕ್ಕೆ ಬದುಕಿರೋರನ್ನ ಕೂರಿಸ್ಬೇಡ್ರಮ್ಮ. ತಗೊಂಡಿದ್ದನ್ನ ಸತ್ತವರು ವಾಪಸ್ ಕೊಡಲ್ಲ," ಎಂದಳು ಮುದುಕಿ ವೀಬ್ಕೆ.

ಒಟೀಲಿ ನಕ್ಕುಬಿಟ್ಟಳು. ಹ್ಯಾಂಬರ್ಗಿನ ದೊಡ್ಡ ಮನೆಗಳಲ್ಲಿ ಜನರ ಮುಖಚಿತ್ರ ಬರೆದು ಹೆಸರು ಮಾಡಿದವಳು. ಸಮುದ್ರದಂಚಿನ ಈ ಜೌಗು ಹಳ್ಳಿಯ ಅಜ್ಜಿಯ ಮಾತಿಗೆ ಸೊಪ್ಪು ಹಾಕುತ್ತಾಳೆಯೇ? ಮಾಟವೆಲ್ಲ ನನ್ನ ಬಣ್ಣದಲ್ಲೇ ಇದೆ ಎಂದು ಗೇಲಿ ಮಾಡಿದಳು. ಜ್ವರದಲ್ಲಿ ತೀರಿಕೊಂಡ ಮಗಳು ಆಂಟ್ಯೆಯ ಚಿತ್ರ ಬೇಕೆಂದು ವೀಬ್ಕೆಯ ಸೊಸೆ ಗೆಷೆ ಅವಳನ್ನು ಕರೆಸಿದ್ದಳು. ಶವಪೆಟ್ಟಿಗೆಯಲ್ಲಿದ್ದ ಮಗುವಿನ ಮೂಗು, ಗದ್ದ ಬರೆದುಕೊಂಡದ್ದಾಯಿತು. ಹೆಣದ ಮುಖದಲ್ಲಿ ಬಣ್ಣವೆಲ್ಲಿಂದ ಬರಬೇಕು? ಮಣ್ಣು ಮಾಡಿ ಬಂದ ಮರುದಿನವೇ ಆಂಟ್ಯೆಯ ಆರು ವರ್ಷದ ತಂಗಿ ಟೆಲ್ಸೆಯನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿದಳು.

ಮೊದಲ ದಿನ ಕೆನ್ನೆ. ಚಿತ್ರದಲ್ಲಿ ರಕ್ತ ಹರಿದಂತಾಯಿತು. ಅಂದು ಟೆಲ್ಸೆ ಗಂಜಿ ಮುಟ್ಟಲಿಲ್ಲ. ಎರಡನೆಯ ದಿನ ತುಟಿ. ಟೆಲ್ಸೆಯ ತುಟಿ ಬೂದಿಯ ಬಣ್ಣಕ್ಕೆ ತಿರುಗಿತು. ಬಣ್ಣ ಕಲಸುವ ಅಗಸೆ ಎಣ್ಣೆಯ ವಾಸನೆಯೊಳಗಿಂದ ಹಸಿ ಮಣ್ಣಿನ ವಾಸನೆ ಏಳತೊಡಗಿತು. ಒಟೀಲಿಗೆ ಎಲ್ಲವೂ ಕಾಣುತ್ತಿತ್ತು. ಕಂಡೂ ಕಾಣದಂತಿದ್ದಳು, ಪಾಪಿ. ಇಷ್ಟು ಚೆನ್ನಾಗಿ ಅವಳು ಜನ್ಮದಲ್ಲಿ ಬರೆದಿರಲಿಲ್ಲ.

ಮೂರನೆಯ ದಿನ ಕಣ್ಣು.

"ಚಳಿ ಆಗ್ತಿದೆ ಅಕ್ಕ. ಇಳೀಲಾ?" ಕುರ್ಚಿಯಿಂದ ಟೆಲ್ಸೆ ಕೇಳಿದಳು.

"ಇನ್ನೊಂದೇ ಒಂದ್ ಚೂರು, ಚಿನ್ನ."

ಕೈ ನಿಲ್ಲಲಿಲ್ಲ. ಕುಂಚ ಬೆಚ್ಚಗಾಯಿತು. ಕೋಣೆ ಕತ್ತಲಾಯಿತು, ಹೊರಗೆ ಬಿಸಿಲಿತ್ತು. ಉಸಿರಾಟದ ಸದ್ದು. ಕುರ್ಚಿಯ ಕಡೆಯಿಂದಲ್ಲ. ಚಿತ್ರದ ರೆಪ್ಪೆ ಬಡಿಯಿತು. ಕುರ್ಚಿಯ ಮೇಲಿನ ರೆಪ್ಪೆ ಬಡಿಯಲಿಲ್ಲ.

ಅಕ್ಕನ ಪಕ್ಕದಲ್ಲೇ ತಂಗಿಯನ್ನೂ ಹೂಳಿದರು. ಅದೇ ಜ್ವರ ಎಂದರು ಊರವರು. ವೀಬ್ಕೆ ಬೈದಿದ್ದರೆ ಒಟೀಲಿಗೆ ಎಷ್ಟೋ ಹಗುರವಾಗುತ್ತಿತ್ತು. ಅನ್ನ ಸೇರದೆ, ನಿದ್ದೆ ಹತ್ತದೆ ಎರಡು ದಿನ ಒದ್ದಾಡಿದಳು. ಕೊನೆಗೆ ಗೆಷೆಯ ಕಾಲ ಬಳಿ ಕುಸಿದು, ನಿನ್ನ ಮಗಳನ್ನು ಕೊಂದವಳು ನಾನೇ ಎಂದು ಬಾಯಿಬಿಟ್ಟಳು.

ಗೆಷೆ ಅವಳನ್ನು ಎಬ್ಬಿಸಿ ಕಣ್ಣೊರೆಸಿದಳು. "ನಮ್ಮತ್ತೆ ನಿಮ್ಮ ತಲೇನೂ ಕೆಡಿಸಿದ್ರಾ? ನನ್ನ ಆಂಟ್ಯೆನ ಉಳಿಸ್ಕೊಟ್ಟಿದೀರಿ. ಟೆಲ್ಸೆನೂ ಹಂಗೇ ಬರ್ಕೊಡಿ," ಎಂದು, ಉಳಿದಿದ್ದ ಒಂದೇ ಕೂಸು, ಎರಡು ವರ್ಷದ ಹಾರ್ಮನನ್ನು ತಂದು ಅದೇ ಕುರ್ಚಿಯಲ್ಲಿ ಕೂರಿಸಿದಳು.

ಒಲ್ಲೆನೆಂದರೆ ಗೆಷೆ ಬೇರೊಬ್ಬರನ್ನು ಕರೆಸುತ್ತಾಳೆ. ಅವರ ಮುಂದೆ ಕೂರುವುದೂ ಈ ಕೂಸೇ. ಒಟೀಲಿ ಮಗುವನ್ನೆತ್ತಿ ವೀಬ್ಕೆಯ ಕಂಕುಳಿಗೆ ಕೊಟ್ಟಳು.

"ಅಜ್ಜಿ, ಒಂದು ಕನ್ನಡಿ ಕೊಡಿ."

ಮುದುಕಿ ಒಂದು ಗಳಿಗೆ ಅವಳ ಮುಖ ನೋಡಿದಳು. ಬೇಡವೆನ್ನಲಿಲ್ಲ. ಕನ್ನಡಿಯನ್ನು ಕುರ್ಚಿಯ ಮೇಲೆ ಒರಗಿಸಿಟ್ಟು, ಮೊಮ್ಮಗನನ್ನು ಅಪ್ಪಿಕೊಂಡು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು.

ಒಟೀಲಿ ಕನ್ನಡಿಯಲ್ಲಿ ತನ್ನ ಕೆನ್ನೆಯನ್ನೇ ನೋಡುತ್ತ, ಟೆಲ್ಸೆಯ ಕೆನ್ನೆಗೆ ಕೆಂಪು ಕಲಸಿದಳು.