ಬಾಗಿಲಿಗೆ ಮೂತಿ ಮಾಡಿದ ಹಡಗು

ಬೆಳಿಗ್ಗೆ ಚರ್ಚಿನ ಬೀಗ ತೆಗೆದ ಐನರ್ ಇಪ್ಸೆನ್‌ನ ಕಣ್ಣಿಗೆ ಮೊದಲು ಬಿದ್ದದ್ದು ಮುರಿದ ಹಡಗು. ಸೂರಿನಿಂದ ಎರಡು ಹಗ್ಗಗಳಲ್ಲಿ ತೂಗುತ್ತಿದ್ದ ಆಳುದ್ದದ ಮರದ ಹಡಗು ಕಲ್ಲುಹಾಸಿನ ಮೇಲೆ ಚೂರುಚೂರಾಗಿತ್ತು. ಸ್ವಾನೆಹಾವ್ನ್ ಎಂಬ ಆ ದ್ವೀಪದ ಬಂದರಿಗೆ ಅದೇ ಮಾನ, ಅದೇ ಚರಿತ್ರೆ. ಬಿರುಗಾಳಿಯಿಂದ ಪಾರಾಗಿ ಬಂದ ಕಪ್ತಾನ ಸೋನೆ ದೇವರಿಗೆ ಒಪ್ಪಿಸಿದ್ದ ಹರಕೆ ಅದು. ಬರುವ ಭಾನುವಾರ ಅದರ ಇನ್ನೂರನೆಯ ವರ್ಷದ ಹಬ್ಬ. ಹಬ್ಬಕ್ಕೆಂದೇ ಬಣ್ಣ ಹಚ್ಚಿ ತೂಗುಹಗ್ಗ ಬದಲಿಸಲು ಸಮುದ್ರದಾಚೆಯ ಪೋಲೆಂಡಿನಿಂದ ವಿಟೋಲ್ಡ್ ಎಂಬ ಕುಶಲಕರ್ಮಿ ಬಂದಿದ್ದ.

ಐನರ್ ಚರ್ಚಿನ ಕಾವಲುಗಾರ, ತೋಟಗಾರ, ಗುಂಡಿ ತೋಡುವವನು, ಎಲ್ಲವೂ. ಅವನು ಯೋಚಿಸಲು ನಿಲ್ಲಲಿಲ್ಲ. ನೇರವಾಗಿ ಮೀನು ಹೊಗೆಹಾಕುವ ಮನೆಗೆ ಓಡಿದ. ಅದರ ಅಟ್ಟದಲ್ಲೇ ವಿಟೋಲ್ಡ್‌ನ ಬಿಡಾರ.

"ಬಾರೋ ಕೆಳಗೆ! ನೀನು ಹಾಕಿದ ಗಂಟಿನ ಚೆಂದ ನೋಡು ಬಾ! ನಿಮ್ಮೂರಲ್ಲಿ ಹಗ್ಗ ಕಟ್ಟೋದು ಹಿಂಗೇನೋ?"

ಮೀನುಗಾರರು ನಕ್ಕರು. "ಕುಡ್ದು ಕಟ್ಟಿರ್ತಾನೆ ಬಿಡಪ್ಪ" ಎಂದ ಒಬ್ಬ. ಅರ್ಧ ಮುಖ ಕ್ಷೌರವಾಗಿದ್ದ ವಿಟೋಲ್ಡ್ ಮೆಟ್ಟಿಲ ಮೇಲೆ ನಿಂತು, "ನಾನು ಸರಿಯಾಗೇ ಕಟ್ಟಿದ್ದೆ. ಬೀಗ ಹಾಕೋವಾಗ ನೀವೇ ನೋಡಿದ್ರಲ್ಲ" ಎಂದ. ಐನರ್ ನೋಡಿದ್ದ. ಆದರೂ, "ನಿಮ್ಮವರ ಕೈಕೆಲಸ ನಮಗೆ ಗೊತ್ತಿಲ್ವಾ" ಎಂದುಬಿಟ್ಟ.

ಚರ್ಚಿನ ಅಧ್ಯಕ್ಷ ಥೋರ್ಕಿಲ್ಡ್ ಸೋನೆ ಆ ಕಪ್ತಾನನ ವಂಶದವನು, ನಿವೃತ್ತ ಬಂದರು ಅಧಿಕಾರಿ. ಅವನ ತೀರ್ಪು ಬೇಗ ಬಂತು. ವಿಟೋಲ್ಡ್ ಸಂಜೆಯ ಹಡಗಿಗೇ ಹೊರಡಬೇಕು. ಅವನಿಗೆ ಇನ್ನು ಯಾರೂ ಕೆಲಸ ಕೊಡಬಾರದೆಂದು ದ್ವೀಪದ ಚರ್ಚುಗಳಿಗೆಲ್ಲ ಪಾದ್ರಿಯಮ್ಮ ಬೋಡಿಲ್ ಬರೆಯಬೇಕು.

"ಚೂರೆಲ್ಲ ಬಾಚಿ ಒಲೆಗೆ ಹಾಕು ಐನರ್. ಹಬ್ಬಕ್ಕೆ ಬರೋರ ಕಣ್ಣಿಗೆ ಬೀಳಬಾರದು" ಎಂದು ಹೇಳಿ ಥೋರ್ಕಿಲ್ಡ್ ಹೋದ.

ಐನರ್ ಬುಟ್ಟಿ ತರುವಷ್ಟರಲ್ಲಿ ಗುಡ್ರುನ್ ಕೋಫೋಡ್ ಬಾಗಿಲಲ್ಲಿ ನಿಂತಿದ್ದಳು. ಬಂದರಿನ ಸುಂಕದ ಕಟ್ಟೆಯಲ್ಲಿ ದುಡಿದು ನಿವೃತ್ತಳಾದವಳು. ಊರಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಮನೆ ಬಾಗಿಲು ತಟ್ಟುತ್ತಿದ್ದರು. ಅವಳ ಹಿಂದೆ ಸುತ್ತುವ ಐನರ್‌ನನ್ನು ಊರು 'ಗುಡ್ರುನ್‌ಳ ಬಾಲ' ಎನ್ನುತ್ತಿತ್ತು.

"ಒಲೆಗೆ ಹಾಕಿಬಿಟ್ಯೇನೋ?"

"ಇನ್ನೂ ಇಲ್ಲ ಕಣೆ."

"ಪುಣ್ಯಾತ್ಮ. ಮೂತಿ ಯಾವ ಕಡೆ ಬಿದ್ದಿದೆ ಹೇಳು."

"ಬಾಗಿಲ ಕಡೆ."

"ಹಲಗೆಗಳನ್ನ ಕೈಯಲ್ಲೇ ಎತ್ತಿಡು. ಏನಾದ್ರೂ ಚುಚ್ತಾ?"

"ಒಂದು ಸಿಬಿರು. ಇನ್ನೇನೂ ಇಲ್ಲ. ತೂತುಗಳು ಮಾತ್ರ ಇವೆ."

ಅವಳು ಮಂಡಿಯೂರಿ ಬೆಂಚುಗಳ ಕೆಳಗೆಲ್ಲ ನೋಡಿದಳು. "ನಿನ್ನೆ ಕಾಫಿ ಕುಡಿಯೋವಾಗ ವಿಟೋಲ್ಡ್ ಏನಂದ?"

ಐನರ್ ನೆನಪಿಸಿಕೊಂಡ. ಬಾಯಲ್ಲಿ ಕೇಕು ಇಟ್ಟುಕೊಂಡೇ ವಿಟೋಲ್ಡ್ ಅಂದಿದ್ದ: ಹಡಗಿನೊಳಗಿರುವುದು ಕಾರ್ಖಾನೆಯ ದುಂಡು ಮೊಳೆ, ಅಷ್ಟು ಹಳೆಯ ಹಡಗಿಗೆ ಕಮ್ಮಾರ ಬಡಿದ ಚೌಕ ಮೊಳೆ ಇರಬೇಕಿತ್ತು, ನಾಳೆ ಒಂದು ಹಲಗೆ ಬಿಚ್ಚಿ ನೋಡುತ್ತೇನೆ. ಯಾರೋ ನಡುವೆ ರಿಪೇರಿ ಮಾಡಿರುತ್ತಾರೆ ಎಂದು ಥೋರ್ಕಿಲ್ಡ್ ನಕ್ಕಿದ್ದ.

"ಯಾರ್ಯಾರು ಕೇಳಿಸ್ಕೊಂಡ್ರು?"

"ನಾನು, ಥೋರ್ಕಿಲ್ಡ್, ಪಾದ್ರಿಯಮ್ಮ."

"ಬೀಗದ ಕೈ?"

"ನನ್ನ ಹತ್ರ ಒಂದು, ಥೋರ್ಕಿಲ್ಡ್ ಹತ್ರ ಒಂದು. ಪಾದ್ರಿಯಮ್ಮ ನನ್ನದನ್ನೇ ಇಸ್ಕೊಳ್ತಾರೆ." ಹೇಳುತ್ತಿದ್ದಂತೆ ಐನರ್‌ನ ಬೆರಳು ಜೇಬಿನ ಬೀಗದ ಕೈ ಮುಟ್ಟಿತು. "ಗುಡ್ರುನ್, ನನ್ನ ಮೇಲೇ ಅನುಮಾನವಾ?"

"ಹೋಗು, ಎಲ್ಲರನ್ನೂ ಕರ್ಕೊಂಡು ಬಾ" ಎಂದಳಷ್ಟೇ.

ಮಧ್ಯಾಹ್ನ ಎಲ್ಲರೂ ಮುಂದಿನ ಬೆಂಚುಗಳಲ್ಲಿ ಕೂತರು. ವಿಟೋಲ್ಡ್ ತನ್ನ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡಿದ್ದ.

"ಬೇಗ ಮುಗಿಸಮ್ಮ, ಇವನು ಹಡಗು ಹತ್ತಬೇಕು" ಎಂದ ಥೋರ್ಕಿಲ್ಡ್.

"ಹತ್ತೋದೋ ಬೇಡವೋ ಆಮೇಲೆ ನೋಡೋಣ" ಎಂದಳು ಗುಡ್ರುನ್. "ಗಂಟು ಸಡಿಲವಾಗಿ ಹಡಗು ಬಿತ್ತು ಅಂತೀರಿ. ಸರಿ. ಬಿದ್ದ ಹಡಗಿನಲ್ಲಿ ಮುರಿದ ಮೊಳೆ, ಬಗ್ಗಿದ ಮೊಳೆ ಇರಬೇಕು. ಇಲ್ಲಿ ಒಂದೂ ಇಲ್ಲ. ಬೀಳೋ ಮೊದಲೇ ಯಾರೋ ಅದನ್ನ ಕೆಳಗಿಳಿಸಿ ಮೊಳೆ ಕಿತ್ತಿದ್ದಾರೆ. ಆಮೇಲೆ ಬರೀ ಅಂಟಿನ ಮೇಲೆ ನಿಂತಿದ್ದನ್ನ ಮತ್ತೆ ಕಟ್ಟಿ ಮೇಲೇರಿಸಿ, ಹಗ್ಗ ಬಿಟ್ಟಿದ್ದಾರೆ. ನಿನ್ನೆ ವಿಟೋಲ್ಡ್ ಅನುಮಾನಪಟ್ಟ ಮೊಳೆ ಮಾಯ, ಹಲಗೆ ಒಲೆಗೆ, ತಪ್ಪು ಪರದೇಶಿ ತಲೆಗೆ."

"ಇವನೇ ಮಾಡಿರಬಹುದಲ್ಲ?" ಎಂದ ಥೋರ್ಕಿಲ್ಡ್.

"ಇವನ ಹತ್ರ ಬೀಗದ ಕೈ ಇಲ್ಲ. ನಿನ್ನೆ ಐನರ್ ಬೀಗ ಹಾಕಿದಾಗ ಹಡಗು ಮೇಲೆ ಸರಿಯಾಗೇ ಇತ್ತು. ಹೌದೇನೋ?"

ಐನರ್ ತಲೆ ತಗ್ಗಿಸಿದ. "ಹೌದು. ಮೂತಿ ದೇವರ ಕಡೆಗೇ ಇತ್ತು."

"ಚರ್ಚಿನ ಹಡಗು ಯಾವಾಗಲೂ ದೇವರ ಕಡೆಗೇ ಹೊರಟಿರಬೇಕು. ಮಕ್ಕಳಿಗೂ ಗೊತ್ತು. ಎರಡು ಹಗ್ಗದ ಹಡಗು ತಾನಾಗಿ ತಿರುಗೋದಿಲ್ಲ. ಆದ್ರೆ ಇದರ ಮೂತಿ ಬಿದ್ದಿರೋದು ಬಾಗಿಲ ಕಡೆ. ಅವಸರದಲ್ಲಿ, ಮಬ್ಬುಗತ್ತಲಲ್ಲಿ, ಕೈ ತನ್ನ ಹಳೇ ಅಭ್ಯಾಸದಂತೆ ಕಟ್ಟಿದೆ. ಐನರ್ ಪ್ರತಿ ವಸಂತದಲ್ಲೂ ಇದರ ಧೂಳು ಒರೆಸಿ ದೇವರ ಕಡೆಗೇ ಏರಿಸಿದವನು, ದಡಕ್ಕೆ ದೋಣಿ ಕಟ್ಟಿದವನೇ ಅಲ್ಲ. ದೋಣಿಯ ಮೂತಿಯನ್ನ ಹೊರಗೆ, ಕಡಲಿನ ಕಡೆಗೆ ಮಾಡಿ ಕಟ್ಟೋದು ಬಂದರಿನ ಕೈ. ಗಾಳಿ ಎದ್ದರೆ ತಕ್ಷಣ ಹೊರಡೋದಕ್ಕೆ. ಒಳಮುಖ ಕಟ್ಟಿದೋರಿಗೆ ದಂಡ ಹಾಕ್ತಿದ್ದೋರು ನೀವೇ ಅಲ್ವಾ, ಥೋರ್ಕಿಲ್ಡ್?"

"ಊರಲ್ಲಿ ಅರ್ಧ ಜನ ದೋಣಿಯೋರು!"

"ಬೀಗದ ಕೈ ಇರೋ ದೋಣಿಯೋರು ಒಬ್ಬರೇ."

ಥೋರ್ಕಿಲ್ಡ್ ಎದ್ದ, ಮತ್ತೆ ಕೂತ. ಮಾತಾಡಿದಾಗ ಅವನ ದನಿ ಬೇರೆಯಾಗಿತ್ತು.

"ಕಪ್ತಾನ ಕೊಟ್ಟ ಹರಕೆಯ ಹಡಗು ಎರಡನೇ ಮಹಾಯುದ್ಧದ ಕೊನೇ ಚಳಿಗಾಲದಲ್ಲಿ ನಮ್ಮನೆ ಒಲೆಗೆ ಹೋಯ್ತು. ರಿಪೇರಿಗೆ ಅಂತ ಅಪ್ಪ ತಂದಿದ್ದ, ಸೌದೆ ಮುಗೀತು. ವಸಂತಕ್ಕೆ ಆಚೆ ದಡದಿಂದ ಜರ್ಮನ್ ನಿರಾಶ್ರಿತರು ಬಂದ್ರು. ಶಾಲೆಯೊಳಗೆ ತುಂಬಿದ್ರು. ಅವರಲ್ಲೊಬ್ಬ ಮುದುಕ ಬಡಗಿ. ಅವನ ಮೊಮ್ಮಗಳಿಗೆ ಜ್ವರ. ಹಡಗು ಮಾಡಿಕೊಡು, ಡಾಕ್ಟರನ್ನ ಕರೀತೀನಿ ಅಂದ ಅಪ್ಪ. ಅವನು ತಾನು ಮಲಗೋ ಮಂಚದ ಹಲಗೆ ಕಿತ್ತು, ಅದರದೇ ಮೊಳೆ ಹೊಡೆದು ಮಾಡಿದ."

"ಡಾಕ್ಟರು?" ಎಂದಳು ಬೋಡಿಲ್.

"ಅಪ್ಪ ಕರೀಲಿಲ್ಲ. ನಮ್ಮೂರನ್ನ ಹಿಡಿದಿಟ್ಟಿದ್ದ ಜರ್ಮನ್ನರ ಮಗುಗೆ ಡಾಕ್ಟರನ್ನ ಕರೆದ ಅಂತ ಊರು ಆಡ್ಕೊಳ್ಳುತ್ತೆ ಅಂದ. ಹುಡುಗಿ ಸತ್ತಳು. ಹಡಗನ್ನ ನಾವು ಇಸ್ಕೊಂಡ್ವಿ. ನಾನು ಹತ್ತು ವರ್ಷದವನು, ಹಲಗೆ ಹಿಡ್ಕೊಂಡು ನಿಂತಿದ್ದೆ. ಭಾನುವಾರ ಇಡೀ ಊರಿನ ಮುಂದೆ ನಾನು ಕಪ್ತಾನನ ಕತೆ ಹೇಳಬೇಕಿತ್ತು. ನಡುವೆ ಇವನು ಹಲಗೆ ಬಿಚ್ಚಿಬಿಟ್ರೆ..."

ಊರು ಆಡಿಕೊಳ್ಳುತ್ತಿತ್ತು ಎಂಬುದರಲ್ಲಿ ಅಲ್ಲಿದ್ದ ಯಾರಿಗೂ ಅನುಮಾನವಿರಲಿಲ್ಲ. ಬೆಳಿಗ್ಗೆ ಹೊಗೆಮನೆಯ ಮುಂದೆ ನಕ್ಕಿದ್ದು ಅದೇ ಊರು. ಕಾಗದ ಯಾರಿಗೂ ಹೋಗುವುದಿಲ್ಲ, ವಿಟೋಲ್ಡ್ ಎಲ್ಲಿಗೂ ಹೊರಡಬೇಕಿಲ್ಲ ಎಂದು ಬೋಡಿಲ್ ಹೇಳಿದಳು.

ಐನರ್ ವಿಟೋಲ್ಡ್‌ನ ಮುಂದೆ ಹೋಗಿ ನಿಂತ. "ಬೆಳಿಗ್ಗೆ ನಾನು ಅಂದದ್ದು..."

"ಅದು ಆಮೇಲೆ" ಎಂದ ವಿಟೋಲ್ಡ್. "ಆ ಹುಡುಗಿನ ಎಲ್ಲಿ ಮಣ್ಣು ಮಾಡಿದ್ರು?"

ಬೋಡಿಲ್ ಐನರ್‌ನತ್ತ ನೋಡಿದಳು. ಅವನಿಗೆ ಗೊತ್ತಿತ್ತು. ಇಲ್ಲಿ ಗೋರಿಯ ಜಾಗ ಬಾಡಿಗೆಯದು. ಅವಧಿ ಮುಗಿದ ಮೇಲೆ ಕೇಳುವವರಿಲ್ಲದಿದ್ದರೆ ಕಲ್ಲು ಕೀಳುತ್ತಾರೆ. ಸತ್ತ ನಿರಾಶ್ರಿತ ಮಕ್ಕಳನ್ನು ಕೇಳುವವರು ಯಾರಿದ್ದರು? ಕೆಲಸಕ್ಕೆ ಸೇರಿದ ವರ್ಷ ಚರ್ಚಿನ ಅಂಗಳದ ಉತ್ತರದ ಮೂಲೆಯ ಪುಟ್ಟ ಮರದ ಶಿಲುಬೆಗಳನ್ನೆಲ್ಲ ಕಿತ್ತು ರಾಶಿ ಹಾಕಿದ್ದು ಅವನೇ. ಒಂದರ ಮೇಲಿನ ಹೆಸರನ್ನೂ ಓದಿರಲಿಲ್ಲ.

"ತೋರಿಸಿ" ಎಂದ ವಿಟೋಲ್ಡ್.

ಐನರ್ ಹೊರಗೆ ನಡೆದ. ಉಳಿದವರು ಹಿಂಬಾಲಿಸಿದರು. ಉತ್ತರದ ಮೂಲೆಯಲ್ಲಿ ಜಲ್ಲಿ ಹಾಸಿತ್ತು. ಅದರ ಮೇಲೆ ಕಾರುಗಳು ನಿಂತಿದ್ದವು. ಐನರ್ ಕೈ ಎತ್ತಿದ, ಎತ್ತ ತೋರಿಸಬೇಕೆಂದು ತಿಳಿಯದೆ ಹಾಗೇ ನಿಂತ.

ಗುಡ್ರುನ್ ಹೋಗಿ ತನ್ನ ಕಾರನ್ನು ರಸ್ತೆಗೆ ತೆಗೆದಳು. ಅದರ ಕೆಳಗೂ ಬರೀ ಜಲ್ಲಿಯೇ ಇತ್ತು.